ಬರಲಿ, ಬಂದಾನು, ವಿವಾ

ಸ್ಪ್ಯಾನಿಷ್ ಭಾಷೆಯಲ್ಲಿ ನಡೆಯುವುದನ್ನು ಇದ್ದಂತೆ ಹೇಳುವ ಕ್ರಿಯಾಪದಕ್ಕೆ ಒಂದು ರೂಪವೂ, ನಡೆಯಲೆಂದು ಹಾರೈಸುವ ಇಲ್ಲವೆ ನಡೆದೀತೆಂದು ಅಳುಕುವ ಕ್ರಿಯಾಪದಕ್ಕೆ ಬೇರೊಂದು ರೂಪವೂ ಇದ್ದು, ಎರಡನೆಯದನ್ನು ಅಲ್ಲಿನ ವೈಯಾಕರಣರು ಸುಬ್‌ಹುಂತೀವೊ ಎಂದು ಕರೆಯುತ್ತಾರೆ. ನಿಯತ ಕ್ರಿಯಾಪದಗಳಲ್ಲಿ ಇದರ ವರ್ತಮಾನರೂಪವನ್ನು ಸಾಧಿಸುವುದು ಸ್ವರಗಳ ಅದಲುಬದಲಿನಿಂದ: ಮಾತಾಡು ಎಂಬರ್ಥದ ‘ಆಬ್ಲಾರ್’ ಧಾತುವಿನ ‘ಆಬ್ಲಾ’ (ಮಾತಾಡುತ್ತಾನೆ) ‘ಆಬ್ಲೆ’ ಆಗುತ್ತದೆ, ತಿನ್ನು ಎಂಬರ್ಥದ ‘ಕೊಮೇರ್’ ಧಾತುವಿನ ‘ಕೊಮೆ’ ತಿರುಗಿ ‘ಕೊಮಾ’ ಆಗುತ್ತದೆ. ಗೋವೆಯ ಕಾರ್ನಿವಲ್ಲಿನಲ್ಲಿ ಕೇಳುವ ‘ವಿವಾ’ ಎಂಬ ಕೂಗು ಪೋರ್ಚುಗೀಸಿನ ‘ವಿವೇರ್’ ಧಾತುವಿಗೆ ಇದೇ ನಿಯಮ ತಗಲಿ ಆದ ರೂಪ. ಅದರ ಅರ್ಥ ‘ಬಾಳಲಿ’ ಎಂದಷ್ಟೆ.

ಈ ಒಂದು ರೂಪದ ಕೆಲಸವನ್ನು ಕನ್ನಡ ಎರಡಕ್ಕೆ ಹಂಚಿದೆ. ಆಜ್ಞೆ, ಹಾರೈಕೆಗಳನ್ನು ತಿಳಿಸುವ ವಿಧ್ಯರ್ಥದಲ್ಲಿ ‘ಬರಲಿ’ ಎಂದೂ, ಸಂಶಯವನ್ನೋ ಊಹೆಯನ್ನೋ ತಿಳಿಸುವ ಸಂಭಾವನಾರ್ಥದಲ್ಲಿ ‘ಬಂದಾನು, ಬಂದಾಳು, ಬಂದೀತು’ ಎಂದೂ ಆಗುತ್ತದೆ. ಇನ್ನೂ ಬಾರದವನ ಕುರಿತ ಊಹೆಯನ್ನು, ಆಗಲೇ ಬಂದವನ ಕುರಿತು ಹೇಳುವ ‘ಬಂದ್’ ಎಂಬ ಭೂತಕಾಲದ ಅಂಗದ ಮೇಲೆಯೇ ಕಟ್ಟಿರುವ ಈ ಜಾಣ್ಮೆ ಸ್ಪ್ಯಾನಿಷ್ ಸ್ವರಪಲ್ಲಟಕ್ಕಿಂತ ಹೆಚ್ಚು ಸ್ವಾರಸ್ಯದ್ದು.

ಇಂತಹ ರೂಪಾವಳಿಗಳು ಅಚ್ಚಿನ ಮೊಳೆಗಳಲ್ಲಿ ಸಾಲುಗಟ್ಟಿದ ಊರುಗಳಲ್ಲಿ ಮಂಗಳೂರು ಮುಖ್ಯವಾದುದು. ಬಾಸೆಲ್ ಮಿಷನ್ 1841ರಲ್ಲಿ ಇಲ್ಲಿ ತೆರೆದ ಅಚ್ಚುಕೂಟದಿಂದ ಬ್ರಿಗೆಲ್ ಬರೆದ ತುಳು ವ್ಯಾಕರಣ 1872ರಲ್ಲಿ ಹೊರಬಂತು. ಕಿಟ್ಟೆಲ್ ಸಂಪಾದಿಸಿದ ಕೇಶಿರಾಜನ ‘ಶಬ್ದಮಣಿದರ್ಪಣ’ ಮಂಗಳೂರಿನಲ್ಲಿ ಪ್ರಕಟವಾದುದೂ ಅದೇ ವರ್ಷ. 1882ರಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿ ಮಾಫೆಯಿ ಅವರ ಕೊಂಕಣಿ ವ್ಯಾಕರಣವೂ ಪ್ರಾಟೆಸ್ಟಂಟರ ಆ ಅಚ್ಚುಕೂಟದಲ್ಲಿಯೇ ಮುದ್ರಣವಾಯಿತೆಂಬುದನ್ನು ನೋಡಿದರೆ, ಧರ್ಮದಲ್ಲಿ ಕೂಡದ ಮನಸ್ಸುಗಳು ಕ್ರಿಯಾಪದದಲ್ಲಿ ಕೂಡಿದ್ದವೆನ್ನಬೇಕು. ಮಾಫೆಯಿ ಅವರ ತಾಯ್ನುಡಿಯಲ್ಲಿಯೂ ‘ಬಾಳಲಿ’ ಎನ್ನಲು ‘ವಿವಾ’ ಎಂದೇ ಹೇಳುತ್ತಾರೆ.

ಪ್ರಸ್ತುತ ಲೇಖಕನಿಗೆ ಸಂಭಾವನಾರ್ಥದ ಪಾಠವಾದುದು ಈ ಪುಸ್ತಕಗಳಿಂದಲ್ಲ. ಆಟಿ ತಿಂಗಳ ಮಳೆಗೆ ಪಾಚಿ ಕಟ್ಟಿದ ಮಂಗಳೂರಿನ ಮನೆಯಂಗಳಕ್ಕೆ ಬಾಲಕನಾಗಿ ಓಡಿದಾಗಲೆಲ್ಲ, ಜಗಲಿಯಲ್ಲಿ ಕುಳಿತ ಅಜ್ಜಿ ‘ಜಾಗ್ರತೆ ಮಗಾ, ಜಾರಿ ಬಿದ್ದೀಯ’ ಎಂದು ಕೂಗುತ್ತಿದ್ದುದರಿಂದ, ಬೀಳುವ ಮೊದಲೇ ಬಿದ್ದ ಅನುಭವವನ್ನು ಆ ಒಂದು ಪದ ಕೊಡುತ್ತಿತ್ತು. ‘ಬೀಳಬಹುದು’ ಎಂಬುದು ಬರಿಯ ವರದಿ. ‘ಬಿದ್ದೀಯ’ ಎಂಬುದರಲ್ಲಿ ಕೈಹಿಡಿದು ಹಿಂದಕ್ಕೆಳೆಯುವ ಆತಂಕವಿದೆ. ಆದರೂ ಪತ್ರಿಕೆಯ ಬರಹದಲ್ಲಿ, ಪೇಟೆಯ ಮಾತಿನಲ್ಲಿ ‘ಬಹುದು’ ಎಲ್ಲೆಡೆ ಹಬ್ಬಿ, ‘ಬಿದ್ದೀಯ, ಬಂದಾನು’ಗಳು ಹಿಂದಕ್ಕೆ ಸರಿಯುತ್ತಿವೆ.

ಸ್ಪ್ಯಾನಿಷ್ ತರಗತಿಗೆ ಸೇರಿ ಈ ರೂಪಾವಳಿಯನ್ನು ಬಾಯಿಪಾಠ ಮಾಡುವ ಮಂಗಳೂರಿನ ವಿದ್ಯಾರ್ಥಿಗಳು ಪ್ರತಿ ಸಾಲಿನ ಪಕ್ಕದಲ್ಲಿ ಅದರ ಇಂಗ್ಲಿಷ್ ಅರ್ಥದ ಬದಲು ‘ತಿನ್ನಲಿ, ತಿಂದಾನು’ ಎಂದು ಬರೆದುಕೊಳ್ಳಲಿ.