ಬಚ್ಚಲಿಗೆ ಬಣ್ಣ

ಮೇಸ್ತ್ರಿ ಬಚ್ಚಲುಮನೆಯ ಗೋಡೆಗೆ ಕಿವಿ ಕೊಟ್ಟು, ಬೆರಳ ಗೆಣ್ಣಿನಿಂದ ಟೈಲ್ಸನ್ನು ಒಂದೊಂದಾಗಿ ತಟ್ಟುತ್ತಾ ಹೋದರು. ಟಣ್ ಎಂದರೆ ಗಟ್ಟಿ. ಡೊಬ್ ಎಂದರೆ ಹಿಂದಿನ ಗಾರೆ ಬಿಟ್ಟಿದೆ, ಒಳಗೆ ಟೊಳ್ಳು. ನಾಲ್ಕೂ ಗೋಡೆ ಮುಗಿಯುವ ಹೊತ್ತಿಗೆ ಬಾಗಿಲ ಪಕ್ಕದ ಎರಡು ಬಿಲ್ಲೆಗಳಿಗೆ ಮಾತ್ರ ಸೀಮೆಸುಣ್ಣದ ಗುರುತು ಬಿದ್ದಿತ್ತು. "ಮಿಕ್ಕಿದ್ದೆಲ್ಲ ಕಲ್ಲು ಕೂತಂಗೆ ಕೂತಿದೆ ಅಕ್ಕ. ಒಡೆಸಿ ಹೊಸದು ಹಾಕಿಸ್ತೀರಾ ಅಂದ್ರೆ ಎಲ್ಲ ಸೇರಿ ಎಪ್ಪತ್ತೈದು ಸಾವಿರ ಹಿಡ್ಕೊಳಿ" ಅಂದರು.

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅಮ್ಮ ನನ್ನ ಕಡೆ ತಿರುಗಿದಳು. "ಗಟ್ಟಿ ಇದೆ ಅಂತ ಅವರೇ ಹೇಳ್ತಿದಾರೆ. ಗಟ್ಟಿ ಇರೋದನ್ನ ಯಾಕೆ ಒಡೀಬೇಕೇ? ಅದೇನು ತಪ್ಪು ಮಾಡಿದೆ?"

ಆ ಮಾತು ನನಗೆ ನಾಟಿತು. ಮೇಸ್ತ್ರಿಗೂ ನಾಟಿರಬೇಕು. ಮರುದಿನ ಬೆಳಿಗ್ಗೆ ಬಂದು ಆ ಎರಡು ಬಿಲ್ಲೆಗಳನ್ನಷ್ಟೇ ನಾಜೂಕಾಗಿ ಬಿಡಿಸಿ, ಹಿಂದೆ ಹೊಸ ಗಾರೆ ಕೊಟ್ಟು, ಅಲ್ಲಿಯೇ ಕೂರಿಸಿ ಹೋದರು.

ಮೈಸೂರಿನ ಕುವೆಂಪುನಗರದ ಈ ಮನೆಯನ್ನು ಅಪ್ಪ ಕಟ್ಟಿಸಿದ್ದು 1991ರಲ್ಲಿ. ಬಚ್ಚಲು ಆರಡಿ ಉದ್ದ, ಐದಡಿ ಅಗಲ. ನೆಲದಿಂದ ನಾಲ್ಕೂವರೆ ಅಡಿಯವರೆಗೆ ಆರಿಂಚು ಚೌಕದ ತಿಳಿಗುಲಾಬಿ ಟೈಲ್ಸ್, ಅದರ ಮೇಲಕ್ಕೆ ಡಿಸ್ಟೆಂಪರ್. ಆಗ ನಮ್ಮಂಥ ಮನೆಗಳಲ್ಲಿ ಸೂರಿನವರೆಗೆ ಟೈಲ್ಸ್ ಹಾಕಿಸುವಷ್ಟು ದುಡ್ಡೂ ಇರಲಿಲ್ಲ, ಆ ರೂಢಿಯೂ ಇರಲಿಲ್ಲ. ಬಾಗಿಲು ಬಿಟ್ಟು ಅಳೆದರೆ ಎಂಬತ್ತೆಂಟು ಚದರಡಿ, ಸುಮಾರು 350 ಬಿಲ್ಲೆ. ಅಪ್ಪ ಸ್ಕೂಟರಿನ ಮುಂದೆ ಒಂದೊಂದೇ ಪೆಟ್ಟಿಗೆ ಇಟ್ಟುಕೊಂಡು ತಂದದ್ದು ನನಗೆ ನೆನಪಿದೆ. ಒಡೆದೀತೆಂದು ಗುಂಡಿ ಕಂಡಲ್ಲೆಲ್ಲ ಇಳಿದು ತಳ್ಳಿಕೊಂಡು ಬರುತ್ತಿದ್ದರು.

ಮೂವತ್ತು ವರ್ಷದಲ್ಲಿ ಗುಲಾಬಿ ಮಾಸಿ ಒಂಥರಾ ಜ್ವರ ಬಂದವರ ಮುಖದ ಬಣ್ಣವಾಗಿತ್ತು. ಬೋರ್‌ವೆಲ್ ನೀರು ಸಿಡಿದಲ್ಲೆಲ್ಲ ಉಪ್ಪಿನ ಬಿಳಿ ಪರೆ. ಸಂದುಗಳ ಬಿಳಿ ಸಿಮೆಂಟು ಕಪ್ಪಾಗಿತ್ತು. ಎಷ್ಟು ತಿಕ್ಕಿದರೂ ತೊಳೆದಂತೆ ಕಾಣದ ಬಚ್ಚಲಿನಲ್ಲಿ ದಿನವೂ ಸ್ನಾನ ಮಾಡುವುದು ಮನಸ್ಸಿಗೆ ಹಿಂಸೆ. ಏನಾದರೂ ಮಾಡಲೇಬೇಕಿತ್ತು. ಆದರೆ ರಿಂಗ್ ರಸ್ತೆಯ ಬದಿಯಲ್ಲಿ ರಾತ್ರೋರಾತ್ರಿ ಸುರಿದು ಹೋದ ಒಡಕಲು ಟೈಲ್ಸ್ ರಾಶಿಗಳನ್ನು ನಾನು ನೋಡಿದ್ದೇನೆ. ಒಮ್ಮೆ ಸುಟ್ಟ ಮಣ್ಣು ನಮ್ಮ ಕಾಲದಲ್ಲಿ ಮತ್ತೆ ಮಣ್ಣಾಗುವುದಿಲ್ಲ. ಅಪ್ಪ ಗುಂಡಿ ತಪ್ಪಿಸಿ ತಂದದ್ದನ್ನು ಆ ರಾಶಿಗೆ ಸೇರಿಸಲು ಮನಸ್ಸಾಗಲಿಲ್ಲ. ಹೀಗೆ ಬಣ್ಣದ ಯೋಚನೆ ಬಂತು.

ಪೇಂಟ್ ಅಂಗಡಿಯ ಹಿರಿಯರು ಮೊದಲು ನನ್ನನ್ನು ಹಿಮ್ಮೆಟ್ಟಿಸಲು ನೋಡಿದರು. "ಟೈಲ್ಸ್ ಅಂದ್ರೆ ಗಾಜು ಅಂತ ತಿಳ್ಕೊಳಿ. ಗಾಜಿನ ಮೇಲೆ ಪೇಂಟ್ ಹಿಡಿಯುತ್ತಾ?" ಮಾತು ಸರಿಯೇ. ಬಿಲ್ಲೆಯ ಒಳಗಿನದು ಸುಟ್ಟ ಮಣ್ಣು. ಮೇಲಿನ ಹೊಳಪು ಮಾತ್ರ ಗೂಡಿನ ಬೆಂಕಿಯಲ್ಲಿ ಕರಗಿ ಹರಡಿಕೊಂಡ ನಿಜವಾದ ಗಾಜು. ಅದಕ್ಕೆ ನೀರು ಕುಡಿಯುವ ಸೂಕ್ಷ್ಮ ರಂಧ್ರಗಳಿಲ್ಲ, ಹಾಗಾಗಿಯೇ ಅದು ಬಚ್ಚಲಿಗೆ ಬಂದದ್ದು. ನೀರನ್ನು ಒಳಗೆ ಬಿಡದ್ದು ಬಣ್ಣವನ್ನೂ ಬಿಡುವುದಿಲ್ಲ. ಗೋಡೆಗೆ ಬಳಿಯುವ ಮಾಮೂಲಿ ಬಣ್ಣವನ್ನು ಇದಕ್ಕೆ ಬಳಿದರೆ ತಿಂಗಳಲ್ಲಿ ಹಾವಿನ ಪೊರೆಯಂತೆ ಎದ್ದು ಬರುತ್ತದೆ.

ಅವರು ಕೊಟ್ಟದ್ದು ಎರಡು ಡಬ್ಬಿಗಳ ಎಪಾಕ್ಸಿ ಬಣ್ಣ: ಒಂದರಲ್ಲಿ ಬೇಸ್, ಇನ್ನೊಂದರಲ್ಲಿ ಹಾರ್ಡನರ್. ಬೇರೆ ಬೇರೆ ಇದ್ದಾಗ ಎರಡೂ ಸುಮ್ಮನಿರುತ್ತವೆ. ಬೆರೆಸಿದ ಗಳಿಗೆಯಿಂದ ಒಂದನ್ನೊಂದು ಹಿಡಿದು ಗಟ್ಟಿಯಾಗತೊಡಗುತ್ತವೆ, ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ಪ್ರೈಮರ್, ತಿನ್ನರ್, ಸ್ಪಂಜಿನ ರೋಲರ್, ಟೇಪು, ಉಪ್ಪುಕಾಗದ ಎಲ್ಲ ಸೇರಿ 3,900 ರೂಪಾಯಿ ಆಯಿತು. ದುಡ್ಡು ಎಣಿಸಿಕೊಂಡ ಮೇಲೆ ಹೇಳಿದರು, "ಬಣ್ಣ ಒಂದು ದಿನದ ಕೆಲಸ ತಾಯಿ. ಉಜ್ಜೋದು ನಾಲ್ಕು ದಿನ. ಉಜ್ಜದೆ ಬಳೀತೀನಿ ಅನ್ನೋದಾದ್ರೆ ಈಗಲೇ ವಾಪಸ್ ಕೊಟ್ಬಿಡಿ."

ಬಣ್ಣದ ಪಟ್ಟಿಯನ್ನು ಮನೆಗೆ ತಂದು ಅಮ್ಮನ ಮುಂದೆ ಹಿಡಿದೆ. ಅವಳು ಬಹಳ ಹೊತ್ತು ನೋಡಿ, ಅಷ್ಟು ಬಿಳಿಗಳ ನಡುವೆ ಒಂದರ ಮೇಲೆ ಬೆರಳಿಟ್ಟಳು. "ಇದು. ನೀಲಿ ಹಾಕಿದ ಸುಣ್ಣದ ಥರ ಇದೆ."

ಅಲ್ಲಿಂದ ಮಾತು ಹೊಳೆನರಸೀಪುರದ ಕಡೆಯ ಅಜ್ಜಿಮನೆಗೆ ಹೋಯಿತು. ಆ ಬಚ್ಚಲಿನಲ್ಲಿ ಟೈಲ್ಸ್ ಇರಲಿಲ್ಲ. ಕಲ್ಲು ಚಪ್ಪಡಿ, ಮಸಿ ಹಿಡಿದ ಗೋಡೆ, ಒಲೆಯ ಮೇಲೆ ಹೂತ ತಾಮ್ರದ ಹಂಡೆ. ಆದರೂ ವರ್ಷಕ್ಕೊಮ್ಮೆ ಆ ಬಚ್ಚಲು ಮನೆಯ ಬೇರೆ ಯಾವ ಕೋಣೆಗೂ ಇಲ್ಲದಷ್ಟು ಚಂದವಾಗುತ್ತಿತ್ತು. ದೀಪಾವಳಿಯಲ್ಲಿ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅದಕ್ಕೆ ಮೊದಲು ಬಚ್ಚಲಿನ ಮಸಿ ಕೆರೆದು ಸುಣ್ಣ ಬಳಿಯುತ್ತಿದ್ದರು. ಹಂಡೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿ, ಕೊರಳಿಗೆ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ ಎಳೆದು, ಹೂ ಸುತ್ತಿ, ಬಾವಿಯ ಹೊಸ ನೀರು ತುಂಬಿ ಪೂಜೆ ಮಾಡುತ್ತಿದ್ದರು. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿಸಿಕೊಂಡು ನಾವೆಲ್ಲ ಮೀಯುತ್ತಿದ್ದದ್ದು ಆ ನೀರಿನಲ್ಲೇ. ಬಚ್ಚಲಿಗೆ ಬಣ್ಣ ಎಂದರೆ ಹುಬ್ಬೇರಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಬಚ್ಚಲಿಗೆ ವರ್ಷ ವರ್ಷ ಬಣ್ಣ ಬಳಿಯುತ್ತಲೇ ಇದ್ದರು. ಟೈಲ್ಸ್ ಬಂದಮೇಲೆ ಒಮ್ಮೆ ಹಾಕಿಸಿ ಮರೆಯುವುದು, ಬೇಸರವಾದಾಗ ಒಡೆಸುವುದು ಎಂಬ ಎರಡೇ ದಾರಿ ಉಳಿದವು.

ಸುಣ್ಣದ ಗುಣವೇ ಬೇರೆ ಅನ್ನುವುದನ್ನೂ ಹೇಳಬೇಕು. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ. ತಿಳಿಯಾಗಿಸಿ ಬಳಿದರೆ ಗೋಡೆ ಅದನ್ನು ಕುಡಿಯುತ್ತದೆ. ಆಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಗೋಡೆಯೂ ಬಣ್ಣವೂ ಒಂದೇ. ಟೈಲ್ಸ್ ಮೇಲಿನ ಬಣ್ಣಕ್ಕೆ ಆ ಭಾಗ್ಯವಿಲ್ಲ, ಅದು ಮೇಲೇ ಇರಬೇಕು. ಅದು ಅಲ್ಲಿ ನಿಲ್ಲುವಂತೆ ಮಾಡುವುದು ನಮ್ಮ ಕೈಯ ಉಜ್ಜುವಿಕೆಯೊಂದೇ.

ಅಮ್ಮನನ್ನು ತಂಗಿಯ ಮನೆಗೆ ಕಳಿಸಿ ಕೆಲಸಕ್ಕೆ ಕೂತೆ. ಉಪ್ಪಿನ ಪರೆಗೆ ವಿನಿಗರ್ ನೆನೆಸಿದ ಬಟ್ಟೆ ಅಂಟಿಸಿಟ್ಟು, ಮೆತ್ತಗಾದ ಮೇಲೆ ಕೆರೆದೆ. ಆಸಿಡ್ ಹಾಕಿ ಎಂದವರಿದ್ದರು. ಆಸಿಡ್ ಸಂದಿನ ಸಿಮೆಂಟನ್ನೇ ತಿನ್ನುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಬಿದ್ದರಂತೂ ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಕನ್ನಡಿಯ ಬಲಕ್ಕೆ ಬಂದಾಗ ಕೈ ನಿಂತಿತು. ಅಲ್ಲಿ ಅಮ್ಮನ ಸ್ಟಿಕರ್‌ಗಳು. ಸ್ನಾನಕ್ಕೆ ಮುಂಚೆ ಹಣೆಯಿಂದ ತೆಗೆದು ಗೋಡೆಗೆ ಅಂಟಿಸಿ, ಮತ್ತೆ ಹಚ್ಚಿಕೊಳ್ಳಲು ಮರೆತವು. ಒಟ್ಟು ಹದಿಮೂರು ಇದ್ದವು. ಹನ್ನೊಂದು ಮೆರೂನ್ ಬಣ್ಣದವು, ಕಾಸಿನಗಲದವು, ಅಂಚು ಬೆಳ್ಳಗಾಗಿದ್ದವು. ಎರಡು ಮಾತ್ರ ಕಪ್ಪು, ಸಾಸಿವೆಗಿಂತ ತುಸು ದೊಡ್ಡವು. ಅಪ್ಪ ಹೋದಮೇಲೆ ಅಮ್ಮ ಹಣೆಗೆ ಇಡುವುದನ್ನು ಬಿಡಲಿಲ್ಲ, ಬಣ್ಣವನ್ನೂ ಗಾತ್ರವನ್ನೂ ಬದಲಿಸಿದಳು. ಯಾರಿಗೂ ಹೇಳದೆ ಮಾಡಿಕೊಂಡ ಆ ತೀರ್ಮಾನ ಈ ಗೋಡೆಯ ಮೇಲೆ ಇತ್ತು.

ಒಂದೊಂದನ್ನೇ ಉಗುರಿನಿಂದ ಎಬ್ಬಿಸಿ ಹಳೆಯ ಪಂಚಾಂಗದ ಹಾಳೆಗೆ ಅಂಟಿಸಿದೆ. ಬಿಲ್ಲೆಯ ಮೇಲೆ ಅಂಟಿನ ಹದಿಮೂರು ಉಂಗುರಗಳು ಉಳಿದವು. ಕೊಬ್ಬರಿ ಎಣ್ಣೆ ಸವರಿ ಕಾಲು ಗಂಟೆ ಬಿಟ್ಟರೆ ಅಂಟು ಬಿಡುತ್ತದೆ, ಆದರೆ ಬಣ್ಣಕ್ಕೆ ಎಣ್ಣೆಯಷ್ಟು ಶತ್ರು ಇನ್ನೊಂದಿಲ್ಲ. ಹಾಗಾಗಿ ವಾಷಿಂಗ್ ಸೋಡಾ ನೀರಿನಲ್ಲಿ ಮೂರು ಸಲ ತೊಳೆದೆ. ಗೋಡೆಯ ಕೆಳಭಾಗವನ್ನೂ ಹಾಗೆಯೇ ತೊಳೆಯಬೇಕಾಯಿತು. ಮೂವತ್ತು ವರ್ಷದ ಎಣ್ಣೆಸ್ನಾನಗಳ ಜಿಡ್ಡು ಅಲ್ಲಿ ಕಣ್ಣಿಗೆ ಕಾಣದೆ ಕೂತಿತ್ತು. ನೀರು ಹನಿಸಿದಾಗ ಮುತ್ತಿನಂತೆ ನಿಂತರೆ ಜಿಡ್ಡಿದೆ ಎಂದು ಅರ್ಥ, ಹರಡಿಕೊಂಡರೆ ಹೋಗಿದೆ ಎಂದು.

ಆಮೇಲೆ 220ನೇ ನಂಬರಿನ ಉಪ್ಪುಕಾಗದ. ಒಂದೊಂದು ಬಿಲ್ಲೆಯ ಹೊಳಪೂ ಹೋಗಿ ಮಂಜು ಕವಿದ ಕನ್ನಡಿಯಂತೆ ಮಬ್ಬಾಗುವವರೆಗೆ ಉಜ್ಜಬೇಕು. ಆ ಕಣ್ಣಿಗೆ ಕಾಣದ ಗೀರುಗಳಲ್ಲೇ ಪ್ರೈಮರ್ ಕಾಲೂರುವುದು. ಎರಡನೆಯ ದಿನಕ್ಕೆ ಭುಜ ಎತ್ತಲಾಗಲಿಲ್ಲ. ಮೂರನೆಯ ದಿನ ಕೈಗೆ ಲಯ ಸಿಕ್ಕಿತು. ಅಜ್ಜಿ ಹಂಡೆ ತಿಕ್ಕುವಾಗ ಮೈಯೆಲ್ಲ ತೂಗುತ್ತಿದ್ದದ್ದು ಏಕೆಂದು ಆವತ್ತು ಗೊತ್ತಾಯಿತು.

ಬಳಿದದ್ದನ್ನು ಹೇಳಲು ಹೆಚ್ಚೇನಿಲ್ಲ. ಕಿಟಕಿ ತೆರೆದು, ಫ್ಯಾನ್ ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡೆ. ಡಬ್ಬಿಯ ಮೇಲಿದ್ದ ಅಳತೆಯಲ್ಲಿ ಬೆರೆಸಿದಾಗ ಬಟ್ಟಲು ಅಂಗೈಗೆ ಬೆಚ್ಚಗೆ ತಾಗಿತು, ಒಳಗೆ ಕೆಲಸ ಶುರುವಾಗಿತ್ತು. ಪ್ರೈಮರ್ ಒಣಗಿದ ಮೇಲೆ ಬಳಿದ ಮೊದಲ ಕೋಟ್ ಪಟ್ಟೆಪಟ್ಟೆಯಾಗಿ, ಹಿಂದಿನ ಗುಲಾಬಿ ಇಣುಕುತ್ತಿತ್ತು. ಮರುದಿನದ ಎರಡನೆಯ ಕೋಟಿಗೆ ಗೋಡೆ ಶಾಂತವಾಯಿತು. ಅಲ್ಲಿಂದ ಏಳು ದಿನ ಒಂದು ಹನಿ ನೀರೂ ಸೋಕಿಸಲಿಲ್ಲ. ಕೈಗೆ ಒಣಗಿದಂತೆ ಕಂಡರೂ ಬಣ್ಣ ಒಳಗೆ ಇನ್ನೂ ಬಲಿಯುತ್ತಿರುತ್ತದೆ. ನೆಲಕ್ಕೆ ಮಾತ್ರ ಬಳಿಯಲಿಲ್ಲ. ಕಾಲು, ಬಕೆಟ್ಟು, ನಿಂತ ನೀರು ಬಿದ್ದಲ್ಲಿ ಇದು ಬಾಳುವುದಿಲ್ಲ. ಜಾರುವ ಭಯ ಬೇರೆ, ಅಮ್ಮನಿಗೆ 78 ವರ್ಷ.

ಹಿಂತಿರುಗಿದ ಅಮ್ಮ ಬಚ್ಚಲಿಗೆ ಹೋಗಿ ಗೋಡೆಯ ಮೇಲೆ ಅಂಗೈ ಆಡಿಸಿದಳು. ಬಾಗಿಲ ಪಕ್ಕದ ಆ ಎರಡು ಬಿಲ್ಲೆಗಳನ್ನೂ ಮುಟ್ಟಿದಳು. "ಬೆಳಕು ಜಾಸ್ತಿ ಆಗಿದೆ ಕಣೇ" ಅಂದಳು. ಪಂಚಾಂಗದ ಹಾಳೆಯನ್ನು ಕೈಗೆ ಕೊಟ್ಟೆ. ನೋಡಿ, ಮಡಿಸಿ, ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಳು.

ಎರಡು ವರ್ಷವಾಯಿತು. ನಲ್ಲಿಯ ಪೈಪಿನ ಹಿಂದೆ ಒಂದು ರೂಪಾಯಿಯಗಲ ಬಣ್ಣ ಎದ್ದಿದೆ. ಕೈ ತೂರುವುದಿಲ್ಲವೆಂದು ಅಲ್ಲಿ ಉಜ್ಜದೆ ಬಿಟ್ಟಿದ್ದೆ. ಈ ದೀಪಾವಳಿಗೆ ಮುಂಚೆ ಅದನ್ನು ಕೆರೆದು ಮತ್ತೆ ಬಳಿಯುತ್ತೇನೆ. ನಿಮ್ಮ ಮನೆಯ ಬಚ್ಚಲು ಹಳೆಯದಾಗಿದ್ದರೆ, ಒಡೆಯುವವರನ್ನು ಕರೆಸುವ ಮೊದಲು ಗೋಡೆಗೆ ಕಿವಿ ಕೊಟ್ಟು ಒಂದೊಂದು ಬಿಲ್ಲೆಯನ್ನೂ ತಟ್ಟಿ ನೋಡಿ.