ಮೂರು ರಾತ್ರಿಯ ನೆರೆಯವರು

ಗುರುವಾಯನಕೆರೆಯಿಂದ ಮಂಗಳೂರಿಗೆ ಸುಮಾರು 60 ಕಿ.ಮೀ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ ಸೇರಬಹುದಾದ ದೂರ. ಆಸ್ಪತ್ರೆಗೆ, ಮದುವೆಯ ಜವಳಿಗೆ, ಕೊಲ್ಲಿಗೆ ಹೊರಟವರನ್ನು ಬೀಳ್ಕೊಡಲಿಕ್ಕೆ ಎಂದು ಎಷ್ಟೋ ಸಲ ಹೋಗಿದ್ದೇವೆಯೇ ಹೊರತು, ಅಲ್ಲಿ ರಾತ್ರಿ ತಂಗಿ ಕಡಲು ನೋಡಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಈ ಬೇಸಗೆ ರಜೆಯಲ್ಲಿ ಮಕ್ಕಳು ಹಟ ಹಿಡಿದರು. ಮೊಣಕಾಲು ನೋವಿನ ಉಮ್ಮನೂ ಬರುತ್ತೇನೆಂದರು. ಮೂರು ರಾತ್ರಿ ಎಂದು ನಿಶ್ಚಯವಾಯಿತು. ಯಾವ ಭಾಗದಲ್ಲಿ ತಂಗುವುದು ಎಂಬಲ್ಲಿ ಮಾತು ಸಿಕ್ಕಿಕೊಂಡಿತು.

ನನ್ನ ಆಯ್ಕೆ ಬಂದರು ಪ್ರದೇಶ. ಮಾಲಿಕ್ ದೀನಾರ್‌ರ ಕಾಲದ್ದೆಂಬ ಪ್ರತೀತಿಯುಳ್ಳ ಝೀನತ್ ಬಕ್ಷ್ ಮಸೀದಿ ಅಲ್ಲಿದೆ, ಐದು ಹೊತ್ತಿನ ಜಮಾಅತ್ ತಪ್ಪದು, ಊಟದ ಚಿಂತೆಯಿಲ್ಲ. ಶಾಫಿಈ ಮದ್‌ಹಬ್‌ನವರಾದ ನಮಗೆ ಕಸ್ರ್ ಮಾಡಲು ಎರಡು ಮರ್ಹಲದಷ್ಟು ದೂರದ ಪ್ರಯಾಣ ಬೇಕು, ಅದಕ್ಕೆ ಮಂಗಳೂರು ಸಾಲದು. ಆದ್ದರಿಂದ ನಮಾಝನ್ನು ಪೂರ್ಣವಾಗಿಯೇ, ಆಯಾ ಹೊತ್ತಿಗೇ ನಿರ್ವಹಿಸಬೇಕು, ಮಸೀದಿ ಹತ್ತಿರವಿರಲಿ ಎಂದು ವಾದಿಸಿದೆ. ಮಕ್ಕಳಿಗೆ ಸುರತ್ಕಲ್ ಬೇಕಿತ್ತು, ಕಿಟಕಿ ತೆರೆದರೆ ಅಲೆ ಕಾಣಬೇಕಂತೆ.

ಉಮ್ಮ ಎಲ್ಲವನ್ನೂ ಕೇಳಿ ಹೇಳಿದರು: "ಮಸೀದಿ ಹತ್ತಿರ ಎನ್ನುವುದು ನಿನಗಾಯಿತು ಮೋನೆ. ನಾನು ಅಲ್ಲಿಗೆ ಹೋಗುವವಳಲ್ಲವಲ್ಲ. ನನಗೆ ಎಲ್ಲಿದ್ದರೂ ಕೋಣೆಯೇ ಮಸೀದಿ. ಈಗ ನಿಜ ಹೇಳು, ನಿನಗೆ ಏನು ಹೆದರಿಕೆ?"

ಉತ್ತರಿಸಲಾಗಲಿಲ್ಲ. ವಾರದ ಹಿಂದೆ ಕಡಲ ಬದಿಯ ಒಂದು ತಂಗುಮನೆಗೆ ನಾನು ಕರೆ ಮಾಡಿದ್ದೆ. ಕೋಣೆ ಇದೆ ಎಂದವರು ಹೆಸರು ಕೇಳಿದ ಬಳಿಕ ತುಸು ತಡೆದು, ಇಲ್ಲ ಎಂದರು. ಅದು ಹೆಸರಿನ ಕಾರಣಕ್ಕೋ, ನಿಜಕ್ಕೂ ಕೋಣೆ ತುಂಬಿತ್ತೋ, ಅಲ್ಲಾಹನೇ ಬಲ್ಲ. ಊಹೆಗಳಿಂದ ದೂರವಿರಿ, ಕೆಲವು ಊಹೆಗಳು ಪಾಪವೆಂದು ಸೂರಃ ಅಲ್ ಹುಜುರಾತ್ ಎಚ್ಚರಿಸುತ್ತದೆ. ಆದರೆ ಆ ಕ್ಷಣದ ಮೌನ ನನ್ನೊಳಗೆ ಉಳಿದುಬಿಟ್ಟಿತ್ತು. ನಮ್ಮ ಜಿಲ್ಲೆಯಲ್ಲಿ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಅಳುಕಿಗೆ ನಾನು ಜಮಾಅತಿನ ಹೆಸರಿಟ್ಟಿದ್ದೆ.

ಈ ಅಳುಕು ಹೊಸದೂ ಅಲ್ಲ. 14ನೇ ಶತಮಾನದಲ್ಲಿ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಹಡಗಿನಿಂದ ಇಳಿಯಲು ಒಪ್ಪಲಿಲ್ಲ. ಊರಿನ ಖಾಝಿಯೇ ಬಂದು ಆಹ್ವಾನಿಸಿದರೂ, ಅರಸ ತನ್ನ ಮಗನನ್ನು ಹಡಗಿಗೆ ಕಳುಹಿಸಿದ ಮೇಲೆಯೇ ಅವರ ತಂಡ ಇಳಿದದ್ದು. ಇಳಿದ ಮೇಲೆ ಸತ್ಕಾರ ಸಿಕ್ಕಿತು, ಮೂರು ದಿನ ತಂಗಿದರು. ಪಟ್ಟಣದ ಪಕ್ಕದ ಕೇರಿಯಲ್ಲಿ ಸುಮಾರು 4000 ಮುಸ್ಲಿಮರಿದ್ದರೆಂದೂ, ಅವರಿಗೂ ಪಟ್ಟಣಿಗರಿಗೂ ಆಗಾಗ ಕಾಳಗವಾಗುತ್ತಿತ್ತೆಂದೂ, ವರ್ತಕರು ಬೇಕಾಗಿದ್ದ ಅರಸ ರಾಜಿ ಮಾಡಿಸುತ್ತಿದ್ದನೆಂದೂ ಅವರು ದಾಖಲಿಸಿದ್ದಾರೆ. ಅರ್ಧ ಲೋಕ ಸುತ್ತಿದವರಿಗೇ ಅಂತಹ ಶಂಕೆ. ನಮಗೆ ಒತ್ತೆಯಾಗಿ ಮಗನನ್ನು ಕಳುಹಿಸುವವರಾದರೂ ಯಾರು!

ಅಂದು ರಾತ್ರಿ ಸೂರಃ ಅನ್ನಿಸಾದ 36ನೇ ವಚನವನ್ನು ಮತ್ತೆ ಓದಿದೆ. ಬಂಧುವಾದ ನೆರೆಯವನು, ಅಪರಿಚಿತ ನೆರೆಯವನು ಎಂದ ಬಳಿಕ ಅಲ್ಲಿ ಇನ್ನೊಬ್ಬನ ಉಲ್ಲೇಖವಿದೆ, ಪಕ್ಕದಲ್ಲಿರುವ ಸಂಗಾತಿ. ಸಹಪ್ರಯಾಣಿಕ, ಸ್ವಲ್ಪ ಹೊತ್ತು ಬಳಿ ಕುಳಿತವನು ಎಂದೆಲ್ಲ ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಹಾಗಾದರೆ ಮೂರು ರಾತ್ರಿಗೆ ಪಕ್ಕದ ಕೋಣೆಯಲ್ಲಿರುವವರಿಗೂ ನಮ್ಮ ಮೇಲೆ ಹಕ್ಕಿದೆ. ನೆರೆಯವರು ನಮ್ಮೊಂದಿಗೆ ಹೇಗಿರುತ್ತಾರೆ ಎಂಬುದನ್ನೇ ಲೆಕ್ಕ ಹಾಕುತ್ತಿದ್ದ ನಾನು, ನಾವು ಎಂಥ ನೆರೆಯವರಾಗುತ್ತೇವೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಸುರತ್ಕಲ್‌ನಲ್ಲೇ ಎರಡು ಕೋಣೆ ಹಿಡಿದೆ. ಫೋನಿನಲ್ಲಿ ಮೊದಲು ನನ್ನ ಹೆಸರನ್ನೇ ಹೇಳಿದೆ. ಆಚೆಯಿಂದ ಬಂದ ಪ್ರಶ್ನೆ ಒಂದೇ: ಎಷ್ಟು ಮಂದಿ?

ಜುಮಾ ನಮಾಝಿಗೆ ಬಂದರಿಗೆ ಹೋಗಿ ಬಂದೆ. ಝೀನತ್ ಬಕ್ಷ್‌ನ ಕೆತ್ತನೆಯ ಮರದ ಕಂಬಗಳ ನಡುವೆ ಕುಳಿತ ತಂಪನ್ನು ಬಿಟ್ಟುಕೊಡಲು ನಾನೂ ಸಿದ್ಧನಿರಲಿಲ್ಲ. ಉಳಿದ ಹೊತ್ತೆಲ್ಲ ಮಕ್ಕಳು ಮರಳಿನಲ್ಲಿ, ಉಮ್ಮ ಕಿಟಕಿಯ ಬಳಿ. ಕಡಲಿಗೆ ಮುಖ ಮಾಡಿ ತುಸು ಬಲಕ್ಕೆ ತಿರುಗಿದರೆ ಕಿಬ್ಲಾ. ಕುರ್ಚಿಯನ್ನು ಹಾಗೆ ತಿರುಗಿಸಿಟ್ಟು ಮೂರು ದಿನವೂ ಅಲ್ಲೇ ನಮಾಝ್ ಮಾಡಿದರು.

ಪಕ್ಕದ ಕೋಣೆಯಲ್ಲಿ ಒಂದು ಎಳೆಯ ಸಂಸಾರ ಇಳಿದಿತ್ತು, ತುಳು ಮಾತನಾಡುತ್ತಿದ್ದರು. ಕೊನೆಯ ದಿನ ಸುಬ್‌ಹಿಯ ಹೊತ್ತಿಗೆ ನನ್ನ ಫೋನಿನಿಂದ ಅಝಾನ್ ಮೊಳಗಿದೊಡನೆ ಉಮ್ಮ ಕೈಸನ್ನೆ ಮಾಡಿದರು.

"ಸದ್ದು ಕಡಿಮೆ ಮಾಡು. ಆಚೆಯ ಮಗು ಈಗಷ್ಟೇ ಮಲಗಿದೆ."