ಸೆರಗು ಮತ್ತು ವ್ಯಾಕರಣ

ಕನ್ನಡ ಅಧ್ಯಾಪಕನ ಮನೆಗೆ ಭಾನುವಾರ ಬೆಳಗ್ಗೆ ಬರುವವರು ಸಾಮಾನ್ಯವಾಗಿ ಮೂರು ಬಗೆಯವರು. ಲಗ್ನಪತ್ರಿಕೆಯ ಒಕ್ಕಣೆಯನ್ನು ತಿದ್ದಿಸಿಕೊಳ್ಳಲು ಬರುವವರು ಮೊದಲನೆಯವರು. ಸಂಘದ ಸಮಾರಂಭಕ್ಕೆ ಪುಕ್ಕಟೆ ಭಾಷಣಕಾರನನ್ನು ಅರಸಿ ಬರುವವರು ಎರಡನೆಯವರು. ತಮ್ಮ ಕವನ ಸಂಕಲನಕ್ಕೆ ಮುನ್ನುಡಿಯನ್ನು ಬೇಡುವವರು ಮೂರನೆಯವರು. ಯಾರು ಬಂದರೂ ಕಾಫಿ ಒಂದೇ. ನನ್ನ ಹೆಂಡತಿ ಅದಕ್ಕೆ ಬೆರೆಸುವ ಹಾಲಿನ ಪ್ರಮಾಣ ಮಾತ್ರ ಬೇರೆ. ಕಳೆದ ಮಾಘಮಾಸದ ಒಂದು ಭಾನುವಾರ ಬಂದವರು ಈ ಮೂರು ವರ್ಗಕ್ಕೂ ಸೇರಿದವರಾಗಿರಲಿಲ್ಲ.

ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದುದು ಹಸಿರು ಚೂಡಿದಾರ ತೊಟ್ಟು, ದುಪಟ್ಟವನ್ನು ಹಣೆಯವರೆಗೂ ಎಳೆದುಕೊಂಡಿದ್ದ ಎತ್ತರದ ಹೆಂಗಸು. ಮುಖದ ತುಂಬ ದಪ್ಪನಾಗಿ ಪೌಡರು. "ನಮಸ್ಕಾರ ಸರ್, ಗುರುತು ಸಿಕ್ಕಿತೆ?" ಎಂದ ಕೂಡಲೇ ಗುರುತು ಸಿಕ್ಕಿತು. ಆರು ವರ್ಷದ ಹಿಂದೆ ನನ್ನ ತರಗತಿಯ ಮೂರನೆಯ ಬೆಂಚಿನಲ್ಲಿ ಕುಳಿತು, ಹಳಗನ್ನಡದ ಪದ್ಯಗಳನ್ನು ತಡವರಿಸದೆ ಓದುತ್ತಿದ್ದ ಧ್ವನಿ ಅದು. ಆಗಿನ ಹೆಸರು ಬೇರೆ, ಈಗಿನ ಹೆಸರು ಬೇರೆ; ಎರಡನ್ನೂ ನಾನಿಲ್ಲಿ ಬರೆಯುವುದಿಲ್ಲ.

ಆ ಹಳೆಯ ಶಿಷ್ಯನನ್ನು ನಾನು "ಬಾರೋ" ಎಂದೇ ಕರೆಯುತ್ತಿದ್ದೆ. ಈಗ ಏನೆನ್ನಬೇಕು? ಹತ್ತು ವರ್ಷ ವ್ಯಾಕರಣ ಕಲಿಸಿದ ನನ್ನ ನಾಲಿಗೆ ಹೊಸಿಲ ಮೇಲೆ ಮುಗ್ಗರಿಸಿತು. ಕೊನೆಗೆ "ಬನ್ನಿ, ಬನ್ನಿ" ಎಂದು ಬಹುವಚನದ ಮರೆಗೆ ಸರಿದೆ. ಆಕೆ ನಕ್ಕು, "ನನಗೂ ಬಹುವಚನವೆ ಸರ್?" ಎಂದಳು.

ಬಂದ ಕಾರಣ ಹೀಗಿತ್ತು. ಮನೆ ಬಿಟ್ಟು ನಾಲ್ಕು ವರ್ಷ. ವೈದ್ಯರ ಸಲಹೆಯ ಮೇಲೆ ಚಿಕಿತ್ಸೆ ಆರಂಭವಾಗಿದೆ. ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸವಿದೆ. ಈಗ ತಂಗಿಯ ಮದುವೆ ಗೊತ್ತಾಗಿದೆ; ಅಕ್ಕ ಬಾರದಿದ್ದರೆ ಹಸೆಯ ಮೇಲೆ ಕೂರುವುದಿಲ್ಲವೆಂದು ತಂಗಿ ಹಟ ಹಿಡಿದಿದ್ದಾಳೆ. ತಂದೆ ಎರಡು ದಿನ ಸುಮ್ಮನಿದ್ದು, "ಬಂದರೆ ಬರಲಿ. ಆದರೆ ನಾಲ್ಕು ಜನ ತಿರುಗಿ ನೋಡುವ ಹಾಗಿರಬಾರದು" ಎಂದಿದ್ದಾರೆ.

"ನಾನು ಪಾಸಾಗಬೇಕು ಸರ್. ಐದು ವಾರ ಸಮಯವಿದೆ. ನೀವು ಕಾಲೇಜು ನಾಟಕದಲ್ಲಿ ಚಂದ್ರಮತಿಯ ಪಾತ್ರ ಮಾಡಿದ್ದಿರಂತಲ್ಲ. ಅಕ್ಕನವರೂ ಇದ್ದಾರೆ. ಕಲಿಸಿಕೊಡಿ."

ಪಾಸು, ಫೇಲುಗಳ ನಡುವೆ ಜೀವನ ಸವೆಸುವ ನನಗೂ ಈ ಮಾತಿನ ಅರ್ಥ ತಿಳಿಯಲು ಒಂದು ಕ್ಷಣ ಹಿಡಿಯಿತು. ನೋಡಿದವರು ಸಂದೇಹವಿಲ್ಲದೆ ಹೆಂಗಸೆಂದು ಒಪ್ಪಿ, ಮುಂದಕ್ಕೆ ಹೋಗಿಬಿಡಬೇಕು, ಅದೇ ಪಾಸು. ಪಠ್ಯಕ್ರಮವಿಲ್ಲದ, ಪರೀಕ್ಷಕರು ಯಾರೆಂದು ತಿಳಿಯದ, ದಿನವೂ ಬೀದಿಯಲ್ಲಿ ನಡೆಯುವ ಪರೀಕ್ಷೆ.

ಅಡುಗೆಮನೆಯಿಂದ ನನ್ನ ಹೆಂಡತಿ ಹೊರಗೆ ಬಂದಳು. ಕಾಫಿಯಲ್ಲಿ ಹಾಲು ಧಾರಾಳವಾಗಿತ್ತು.

ಮೊದಲನೆಯ ಪಾಠ ಮುಖದ್ದು. "ಪೌಡರನ್ನು ಇಷ್ಟು ಬಳಿದರೆ ಜನ ಮುಖ ನೋಡುವುದಿಲ್ಲ, ಏನನ್ನು ಮುಚ್ಚಿದ್ದಾಳೆಂದು ಹುಡುಕುತ್ತಾರೆ" ಎಂದಳು ನನ್ನ ಹೆಂಡತಿ. ಗಡ್ಡದ ನೀಲಿ ಛಾಯೆಯನ್ನು ಬಿಳಿಯ ಪೌಡರು ಬೂದಿಬಣ್ಣಕ್ಕೆ ತಿರುಗಿಸುತ್ತದೆಯೇ ಹೊರತು ಮರೆಸುವುದಿಲ್ಲ. ಬಿಸಿನೀರಿನಿಂದ ಮುಖ ತೊಳೆದು, ನುಣ್ಣಗೆ ಕ್ಷೌರ ಮಾಡಿ, ಅರ್ಧ ಗಂಟೆ ಬಿಟ್ಟು, ಛಾಯೆಯಿರುವಲ್ಲಿ ಮಾತ್ರ ಕಿತ್ತಳೆ ಬಣ್ಣದ ಕ್ರೀಮನ್ನು ಬೆರಳ ತುದಿಯಿಂದ ತೆಳ್ಳಗೆ ಒತ್ತಬೇಕು. ಅದರ ಮೇಲೆ ಮೈಬಣ್ಣದ ಲೇಪ. ಕೊನೆಗೆ ಹೆಸರಿಗಷ್ಟು ಪೌಡರು. ನೀಲಿಯನ್ನು ಕಿತ್ತಳೆ ನುಂಗುತ್ತದೆಂಬುದು ಚಿತ್ರಕಲೆಯ ಸಾಮಾನ್ಯ ನಿಯಮ. ಹಾರ್ಮೋನಿನ ಚಿಕಿತ್ಸೆಯಿಂದ ಚರ್ಮ ಮೃದುವಾದರೂ ಬೆಳೆದ ಗಡ್ಡ ಉದುರುವುದಿಲ್ಲ. ಕಪ್ಪು ಕೂದಲಿಗೆ ಲೇಸರ್ ಚಿಕಿತ್ಸೆ ಒಗ್ಗುತ್ತದೆ. ಒಂದೊಂದೇ ಬೇರನ್ನು ವಿದ್ಯುತ್ತಿನಿಂದ ಸುಡುವ ವಿಧಾನ ಶಾಶ್ವತವಾದದ್ದು. ಎರಡಕ್ಕೂ ತಿಂಗಳುಗಟ್ಟಲೆ ತಾಳ್ಮೆ ಬೇಕು, ತಜ್ಞರ ಕೈ ಬೇಕು. ಗೆಳತಿಯರ ಮಾತು ಕೇಳಿ ಮಾತ್ರೆ ನುಂಗುವುದಂತೂ ಕೂಡದು.

ಹುಬ್ಬನ್ನು ಗೆರೆಯಂತೆ ಕೀಳುವ ಆಸೆ ಆಕೆಗಿತ್ತು. ನನ್ನ ಹೆಂಡತಿ ತಡೆದಳು. ಕೆಳಗಿನ ಅಂಚನ್ನಷ್ಟೇ ಸರಿಪಡಿಸಿ, ಹಣೆಯ ಎರಡು ಮೂಲೆಗಳನ್ನು ಮರೆಸುವಂತೆ ಕೂದಲನ್ನು ಪಕ್ಕಕ್ಕೆ ಬಾಚಿ, ಕಿವಿಯ ಬಳಿ ಒಂದೆರಡು ಎಳೆಯನ್ನು ಇಳಿಬಿಟ್ಟಾಗ, ಕನ್ನಡಿಯಲ್ಲಿ ಕಂಡ ಮುಖವನ್ನು ಆಕೆ ಬಹಳ ಹೊತ್ತು ನೋಡಿದಳು. ನಾನು ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದೆನೆಂದು ಆಮೇಲೆ ಗೊತ್ತಾಯಿತು.

ಎರಡನೆಯ ಭಾನುವಾರ ಸೀರೆ. ಆಕೆ ತಂದಿದ್ದುದು ಗಂಜಿ ಹಾಕಿದ ಹತ್ತಿಯ ಸೀರೆ, ಉಬ್ಬುತೋಳಿನ ರವಿಕೆ. "ಇದು ಹೆಗಲ ಮೇಲೆ ಕೊಡೆಯಂತೆ ನಿಲ್ಲುತ್ತದೆ" ಎಂದು ನನ್ನ ಹೆಂಡತಿ ತನ್ನ ಪೆಟ್ಟಿಗೆಯಿಂದ ಮೈಗೆ ಒಗ್ಗಿ ಇಳಿಯುವ ಒಂದು ಮೈಸೂರು ರೇಷ್ಮೆಯನ್ನು ತೆಗೆದಳು. ಅದು ನಮ್ಮ ಮದುವೆಯ ಮೊದಲ ವರ್ಷದ ಸೀರೆ; ನನಗೆ ಅದನ್ನು ಮುಟ್ಟಲೂ ಅಪ್ಪಣೆಯಿಲ್ಲ. ಸೆರಗನ್ನು ಕಿರುನಿರಿಗೆಯಾಗಿ ಹಿಡಿದು, ಭುಜದ ತುದಿಗಲ್ಲದೆ ಕತ್ತಿನ ಹತ್ತಿರಕ್ಕೆ ಪಿನ್ನು ಹಾಕಿದರೆ ಅದು ನೆಟ್ಟಗೆ ಇಳಿದು ಹೆಗಲ ಅಗಲವನ್ನು ಒಡೆಯುತ್ತದೆ. ತೋಳು ಮೊಳಕೈವರೆಗಿರಲಿ, ಉಬ್ಬು ಬೇಡ. ಸೊಂಟದ ಕೆಳಗೆ ನಿರಿಗೆ ತುಸು ತುಂಬಿಕೊಂಡಿರಲಿ. ಗಂಟಲಮಣಿ ಕಾಣುತ್ತದೆಂದು ಅದರ ಮೇಲೆಯೇ ಕತ್ತಿಗೆ ಬಿಗಿದ ಅಡ್ಡಿಕೆ ಹಾಕಿದರೆ ಕಣ್ಣನ್ನು ಅಲ್ಲಿಗೇ ಕರೆದಂತೆ. ಉದ್ದನೆಯ ಸರವಾದರೆ ನೋಟ ಕೆಳಕ್ಕಿಳಿಯುತ್ತದೆ. ಚಪ್ಪಲಿ ತಗ್ಗಿನದಿರಲಿ, ಮದುವೆಗೆ ಹದಿನೈದು ದಿನ ಮೊದಲೇ ಮೆಟ್ಟಿ ರೂಢಿಯಾಗಲಿ. ಇವೆಲ್ಲ ನನ್ನ ಹೆಂಡತಿಯ ಸೂತ್ರಗಳು. ಕೇಶಿರಾಜನ ಸೂತ್ರಗಳಿಗಿಂತ ಇವುಗಳಲ್ಲಿ ಅಪವಾದಗಳು ಕಡಿಮೆ.

ನಡಿಗೆಯ ಪಾಠಕ್ಕೆ ನನ್ನ ಸರದಿ ಬಂತು. ಚಂದ್ರಮತಿಯಾಗಿ ನಾನು ಸೊಂಟ ಬಳುಕಿಸಿ, ಬೆರಳನ್ನು ಗಲ್ಲಕ್ಕೆ ತಗುಲಿಸಿ ನಡೆದು ತೋರಿಸಿದೆ. ಹೆಂಡತಿ ನಕ್ಕು ನಕ್ಕು ಗೋಡೆಗೊರಗಿದಳು. "ಯಾವ ಹೆಂಗಸು ಹೀಗೆ ನಡೆಯುತ್ತಾಳೆ? ನಾನು ನಡೆಯುವುದನ್ನು ನೀವು ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ನೋಡಿದ್ದೀರಾ?" ಎಂದಳು. ಪ್ರಶ್ನೆ ನಡಿಗೆಯನ್ನು ಮೀರಿದ್ದೆಂದು ತೋರಿ ನಾನು ಸುಮ್ಮನಾದೆ.

ಆದರೆ ಅಲ್ಲಿಂದ ಒಂದು ಸಂಗತಿ ಹೊಳೆಯಿತು. ರಂಗಭೂಮಿಯ ಸ್ತ್ರೀವೇಷ ದೂರದಲ್ಲಿ ಕುಳಿತ ನೂರಾರು ಜನರಿಗಾಗಿ ಮಾಡಿದ್ದು. ಮರಾಠಿ ರಂಗಭೂಮಿಯ ಬಾಲಗಂಧರ್ವರು (1888-1967) ಉಟ್ಟಂತೆಯೇ ಸೀರೆ ಉಡಬೇಕೆಂದು ಗೃಹಿಣಿಯರು ಹಂಬಲಿಸುತ್ತಿದ್ದ ಕಾಲವೊಂದಿತ್ತು. ನಮ್ಮ ಯಕ್ಷಗಾನದಲ್ಲಿ ಕೋಳ್ಯೂರು ರಾಮಚಂದ್ರರಾಯರ ಸ್ತ್ರೀವೇಷವನ್ನು ಕಂಡವರು ಮರೆತಿಲ್ಲ. ಅದು ಮಹಾಕಲೆ, ನಿಜ. ಆದರೆ ಆಟ ಮುಗಿದ ಮೇಲೆ ಬಣ್ಣ ತೊಳೆದು ಮನೆಗೆ ಹೋಗುವ ಕಲೆ. ಈಕೆ ತೊಳೆದುಕೊಳ್ಳಬೇಕಾದ ವೇಷವಾವುದೂ ಇರಲಿಲ್ಲ. "ನಿಮ್ಮ ತರಗತಿಯಲ್ಲಿ ಷರಟು ಹಾಕಿ ಮೂರು ವರ್ಷ ಕುಳಿತಿದ್ದೆನಲ್ಲ ಸರ್, ಆಗ ಪ್ರತಿ ಸಂಜೆ ಮೈಕೈ ನೋಯುತ್ತಿತ್ತು" ಎಂದಳು. ನಟಿಸುವುದನ್ನು ಕಲಿಸುವುದಲ್ಲ, ಬಿಡಿಸುವುದೇ ನಮ್ಮ ಕೆಲಸವೆಂದು ಆಗ ಅರ್ಥವಾಯಿತು. ಹೆಜ್ಜೆ ತುಸು ಚಿಕ್ಕದಾಗಿ, ತೋಳು ಮೈಗೆ ಹತ್ತಿರವಾಗಿ, ತಲೆ ನೆಟ್ಟಗೆ, ಅಷ್ಟೇ. ಎತ್ತರವನ್ನು ಮರೆಮಾಡಲು ಬೆನ್ನು ಬಗ್ಗಿಸಿದವಳು ತನ್ನ ಅಂಜಿಕೆಯನ್ನೇ ಎತ್ತಿ ತೋರಿಸುತ್ತಾಳೆ.

ಧ್ವನಿ ಮಾತ್ರ ಕಠಿಣವಾದ ಪಾಠ. ಹದಿಹರೆಯದಲ್ಲಿ ದಪ್ಪವಾದ ಧ್ವನಿತಂತುಗಳು ಹೆಣ್ಣು ಹಾರ್ಮೋನಿನಿಂದ ಮತ್ತೆ ತೆಳ್ಳಗಾಗುವುದಿಲ್ಲ. ಗಂಡಸಿನ ಮಾತಿನಲ್ಲಿ ಅವು ಸೆಕೆಂಡಿಗೆ ಸುಮಾರು 100ರಿಂದ 120 ಬಾರಿ ಕಂಪಿಸುತ್ತವೆ. ಹೆಂಗಸಿನ ಮಾತಿನಲ್ಲಿ ಸುಮಾರು 200 ಬಾರಿ. ಹಾಗೆಂದು ಕೀರಲು ದನಿ ತೆಗೆದರೆ ಕಳ್ಳದನಿಯೆಂದು ಮಗುವಿಗೂ ತಿಳಿಯುತ್ತದೆ. ಶ್ರುತಿಗಿಂತ ಮುಖ್ಯವಾದದ್ದು ನಾದ ನಿಲ್ಲುವ ಸ್ಥಳ. ಎದೆಯಲ್ಲಿ ಗುಂಯ್‌ಗುಡುವ ನಾದವನ್ನು ತುಟಿ ಮೂಗುಗಳ ಕಡೆಗೆ ತರಬೇಕು. ತುಟಿ ಮುಚ್ಚಿ 'ಮ್' ಎಂದು ಗುನುಗಿ, ಆ ಕಂಪನವನ್ನು ಕೆಡಿಸದೆ ಮಾತಿಗೆ ಇಳಿಯಬೇಕು. ವಾಕ್ಚಿಕಿತ್ಸಕರು ಇದನ್ನು ಶಾಸ್ತ್ರೀಯವಾಗಿ ಕಲಿಸುತ್ತಾರೆ. ನಮ್ಮಲ್ಲಿ ಆಕೆ ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಮುದ್ರಿಸಿ, ತಾನೇ ಕೇಳಿ ತಿದ್ದಿಕೊಂಡಳು. ಒಂದು ಸಂಜೆ ಬೇಸತ್ತು ಅತ್ತಾಗ ನನ್ನ ತಾಯಿ, ಅದುವರೆಗೂ ಜಪಮಾಲೆಯಿಂದ ಕಣ್ಣೆತ್ತದವರು, ಗಂಗೂಬಾಯಿ ಹಾನಗಲ್ಲರ ಒಂದು ಹಾಡನ್ನು ಹಾಕೆಂದು ನನಗೆ ಹೇಳಿದರು. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಗಡುಸಾದ ಆ ಕಂಠ ಕೋಣೆಯನ್ನು ತುಂಬಿತು. "ಈ ದನಿ ಕೇಳಿ ಆಕೆ ಹೆಂಗಸಲ್ಲ ಎಂದವರುಂಟೆ?" ಎಂದು ಹೇಳಿ ಮತ್ತೆ ಜಪಕ್ಕೆ ಕುಳಿತರು.

ನಾಲ್ಕನೆಯ ವಾರ ಬಸ್ಸಿನ ಪ್ರಯೋಗ. 2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ಉಚಿತ ಪ್ರಯಾಣದ ಯೋಜನೆಯಲ್ಲಿ ಹೆಂಗಸರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರೂ ಸೇರಿದ್ದಾರೆ. ನನ್ನ ಹೆಂಡತಿ, ಆಕೆ ಮುಂದಿನ ಸೀಟಿನಲ್ಲಿ. ನಾನು ಹಿಂದೆ, ಅಪರಿಚಿತನಂತೆ. ನಿರ್ವಾಹಕ ಬಂದು ಎಂದಿನಂತೆ, "ಕಾರ್ಡು ತೋರಿಸಮ್ಮಾ" ಎಂದ. ಆ 'ಅಮ್ಮಾ'ದಲ್ಲಿ ಆಕೆ ಪಾಸಾಗಿದ್ದಳು. ಆದರೆ ಕಾರ್ಡಿನಲ್ಲಿದ್ದುದು ಹಳೆಯ ಹೆಸರು, ಹಳೆಯ ಮುಖ. ಆಕೆ ಚೀಲಕ್ಕೆ ಕೈಹಾಕಿ, ಕಾರ್ಡು ಮರೆತೆನೆಂದು ಹೇಳಿ, ಹಣ ಕೊಟ್ಟು ಟಿಕೆಟು ಕೊಂಡಳು. ಇಳಿದ ಮೇಲೆ ಟಿಕೆಟನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡು, "ಪರೀಕ್ಷೆಯ ಶುಲ್ಕ ಸರ್" ಎಂದಳು. ನಕ್ಕಳೇ ಹೊರತು ಆ ನಗೆಯಲ್ಲಿ ಗೆಲವಿರಲಿಲ್ಲ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ಕಲಿಸುತ್ತಿರುವುದು ಧೈರ್ಯವನ್ನೋ, ಅಡಗಿಕೊಳ್ಳುವುದನ್ನೋ? ತನ್ನ ಲಿಂಗವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕು ವ್ಯಕ್ತಿಗಿದೆಯೆಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ತೀರ್ಪು ಕೊಟ್ಟಿತು. 2021ರಲ್ಲಿ ನಮ್ಮ ಮಂಜಮ್ಮ ಜೋಗತಿಯವರು ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿಗಳ ಮುಂದೆ ಹೋದಾಗ ಮೊದಲು ತಮ್ಮ ಸೆರಗಿನಿಂದ ಅವರ ದೃಷ್ಟಿ ತೆಗೆದರು. ಅವರು ಯಾರೆಂಬುದು ಆ ಸಭೆಗೂ ಗೊತ್ತಿತ್ತು, ದೇಶಕ್ಕೂ ಗೊತ್ತಿತ್ತು. ಯಾವುದನ್ನೂ ಮುಚ್ಚಿಕೊಳ್ಳದ ಸೆರಗು ಅದು. ಮುಂದಿನ ಭಾನುವಾರ ಇದನ್ನು ಹೇಳಿದೆ. ಆಕೆ ಶಾಂತವಾಗಿ ಉತ್ತರಿಸಿದಳು: "ಅವರು ದೊಡ್ಡವರು ಸರ್. ನನಗೆ ರಾತ್ರಿ ಎಂಟು ಗಂಟೆಗೆ ಬಸ್‌ಸ್ಟ್ಯಾಂಡಿನಿಂದ ಕೋಣೆಗೆ ಒಬ್ಬಳೇ ನಡೆದು ಹೋಗಬೇಕು. ಯಾರೂ ತಿರುಗಿ ನೋಡದಿದ್ದರೆ ಅದೇ ನನಗೆ ಪದ್ಮಶ್ರೀ." ನನ್ನ ಭಾಷಣ ಅಲ್ಲಿಗೆ ಮುಗಿಯಿತು.

ಆದರೂ ಅಧ್ಯಾಪಕನ ಬಾಯಿ ಸುಮ್ಮನಿರಬೇಕಲ್ಲ. ಬೀಳ್ಕೊಡುವಾಗ ನನ್ನ ಶಾಸ್ತ್ರದಿಂದಲೇ ಒಂದು ಸಮಾಧಾನ ಹೇಳಿದೆ. "ನೋಡು, ಹಿಂದಿಯವಳಾಗಿದ್ದರೆ 'ನಾನು ಹೋಗುತ್ತೇನೆ' ಎನ್ನುವಾಗಲೇ ನೀನು ಹೆಣ್ಣೋ ಗಂಡೋ ಎಂದು ಹೇಳಬೇಕಾಗುತ್ತಿತ್ತು. ಕನ್ನಡ ನಿನ್ನನ್ನು ಅದನ್ನು ಕೇಳುವುದಿಲ್ಲ. 'ನಾನು ಬಂದೆ' ಎಂಬಲ್ಲಿ ಲಿಂಗವಿಲ್ಲ, 'ನೀನು ಬಂದೆ' ಎಂಬಲ್ಲಿಯೂ ಇಲ್ಲ. ಬೆನ್ನ ಹಿಂದೆ ಆಡುವ ಮಾತಿನಲ್ಲಿ ಮಾತ್ರ 'ಬಂದನು', 'ಬಂದಳು'. ಅಲ್ಲಿಯೂ ಗೌರವ ಕೊಟ್ಟು 'ಬಂದರು' ಎಂದರೆ ಲಿಂಗ ಮಾಯ. ಎದುರಿಗೆ ನಿಂತು ಮಾತಾಡುವಷ್ಟು ಹೊತ್ತೂ ನಿನಗೆ ಭಯವಿಲ್ಲ." ಆಕೆ ವಿದ್ಯಾರ್ಥಿನಿಯಂತೆ ತಲೆದೂಗಿದಳು. ನನ್ನ ಹೆಂಡತಿ ಮೈಸೂರು ರೇಷ್ಮೆಯನ್ನು ಕಾಗದದಲ್ಲಿ ಸುತ್ತಿ ಆಕೆಯ ಚೀಲಕ್ಕೆ ಹಾಕಿದಳು.

ಮದುವೆಯ ರಾತ್ರಿ ಹತ್ತೂವರೆಗೆ ಫೋನು ಬಂತು. ಇಬ್ಬರೂ ಒಂದೇ ಫೋನಿಗೆ ಕಿವಿಗೊಟ್ಟೆವು.

ಮಧ್ಯಾಹ್ನದವರೆಗೂ ಯಾರೂ ತಿರುಗಿ ನೋಡಲಿಲ್ಲವಂತೆ. ವರನ ಕಡೆಯ ಒಬ್ಬಾಕೆ ಸೀರೆ ಎಲ್ಲಿ ಕೊಂಡಿರೆಂದು ಕೇಳಿದರಂತೆ. ತಂದೆ ಹತ್ತಿರ ಬರಲಿಲ್ಲ. ಧಾರೆಯ ಹೊತ್ತಿಗೆ ಒಮ್ಮೆ ಈ ಕಡೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. ಊಟದ ಮನೆಯ ಬಾಗಿಲಲ್ಲಿ ಅಜ್ಜಿಯ ತಂಗಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಎಂಬತ್ತು ದಾಟಿದ ಮುದುಕಿ; ಎಳವೆಯಲ್ಲಿ ಎಣ್ಣೆ ತಿಕ್ಕಿ ನೀರು ಹಾಕಿದವರು. ಅವರ ಕಣ್ಣು ತಪ್ಪಿಸಿ ಒಳಗೆ ಹೋಗುವಾಗ ಕೈ ಚಾಚಿ ಮಣಿಕಟ್ಟು ಹಿಡಿದೇಬಿಟ್ಟರು. ಕಿವಿಯ ಹಿಂದಿನ ಮಚ್ಚೆಯನ್ನು ನೋಡಿದರು. ಮುಖ ನೋಡಿದರು. ಪಿನ್ನು, ಲೇಪ, ನಡಿಗೆ, ಐದು ವಾರದ ಪಾಠವೆಲ್ಲ ಒಂದೇ ನಿಮಿಷದಲ್ಲಿ ವ್ಯರ್ಥವಾಯಿತೆಂದು ಇವಳ ಕಾಲು ನಡುಗುತ್ತಿತ್ತು.

"ಆಮೇಲೆ?" ಎಂದಳು ನನ್ನ ಹೆಂಡತಿ.

"ಅಕ್ಕಾ, ಚಿಕ್ಕಜ್ಜಿ ಹೇಳಿದ್ದಿಷ್ಟೇ: 'ಸೆರಗು ನೆಲ ಗುಡಿಸುತ್ತಿದೆ, ಎತ್ತಿ ಸಿಕ್ಕಿಸಿಕೊ. ಊಟವಾಯಿತೇನೇ?'"

ಫೋನಿನ ಆಚೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಬಳಿಕ ಆಕೆ ನನ್ನನ್ನು ಕರೆದಳು. "ಸರ್, ನಿಮ್ಮ ವ್ಯಾಕರಣದಲ್ಲಿ ಒಂದು ತಪ್ಪಿದೆ. ಎದುರಿಗೆ ಆಡುವ ಮಾತಿನಲ್ಲಿ ಲಿಂಗವಿಲ್ಲ ಎಂದಿರಿ. ಅಜ್ಜಿ 'ಏನೋ' ಎನ್ನಲಿಲ್ಲ ಸರ್. 'ಏನೇ' ಎಂದರು."

ಆಕೆ ಹೇಳಿದ್ದು ಸರಿ. ಕ್ರಿಯಾಪದವನ್ನು ಬಗೆದು ನೋಡಿದ ನಾನು, ಅದರ ಬಾಲಕ್ಕೆ ಸಲಿಗೆಯಿಂದ ಅಂಟುವ ಒಂದಕ್ಷರವನ್ನು ಮರೆತಿದ್ದೆ. ಮೊದಲ ದಿನ ಹೊಸಿಲ ಮೇಲೆ ನಾನು ತಡವರಿಸಿದ್ದುದೂ ಅದೇ ಅಕ್ಷರಕ್ಕೆ. ಅಂದು ಬಹುವಚನದ ಹಿಂದೆ ಅಡಗಿದ್ದೆ. ಗೌರವ ಕೊಡುವುದು ಸುಲಭ, ಸಲಿಗೆ ಕೊಡುವುದು ಕಷ್ಟ.

"ತಪ್ಪಾಯಿತು, ತಿದ್ದಿಕೊಳ್ಳುತ್ತೇನೆ" ಎಂದೆ. ಆಮೇಲೆ, ಗಂಟಲು ಸರಿಪಡಿಸಿಕೊಂಡು ಕೇಳಿದೆ: "ಭಾನುವಾರ ಮನೆಗೆ ಬರುತ್ತೀಯೇನೇ?"